ಸವಣೂರರ ಸೊನ್ನೆ

ನನ್ನ ಹಣೆಗೆ ಪಟ್ಟಿ ಕಟ್ಟಿ ಎದುರಿನ ಪರದೆಯ ಮೇಲೆ ವಾಲ್ವ್ ತಯಾರಿಸುವ ಗೌರವ್ವನ ಫೋಟೊ ತೋರಿಸಿದರು. ಹಂಗುಮಾಪಕದಲ್ಲಿ ಎಪ್ಪತ್ತೊಂದು ಬಂತು. ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ಒಮ್ಮೆ ಅಂಕಿಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಅಂಕಿ ಮೂವತ್ತು ದಾಟಿದವರು ಆ ವ್ಯವಹಾರದಲ್ಲಿ ಮಾಡಿದ ಯಾವ ನಿರ್ಧಾರಕ್ಕೂ ಕಾಯ್ದೆಯಲ್ಲಿ ಬೆಲೆಯಿಲ್ಲ. ನಾನು ಹಿಂದಿನ ದಿನ ಹೊರಡಿಸಿದ್ದ ತಡೆ ಆದೇಶ ಅಲ್ಲಿಗೆ ಕಸದ ಬುಟ್ಟಿ ಸೇರಿತು.

ಆಮೇಲೆ ದಿವಾಕರ ಸವಣೂರರ ಸರದಿ. ಅವರು ನಮ್ಮ ಧವಳಗಿರಿ ಬಾಯ್ಲರ್ಸ್ ಕಂಪನಿಯ ಖರೀದಿ ವಿಭಾಗದ ಮುಖ್ಯಸ್ಥರು. ಪಟ್ಟಿ ಕಟ್ಟಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತರು. ಪರದೆಯ ಮೇಲೆ ನಿಖರ ವಾಲ್ವ್ಸ್ ಮಾಲೀಕ ರಾಜಶೇಖರ ಮುಧೋಳರ ಫೋಟೊ ಬಂತು, ದನಿಯೂ ಕೇಳಿಸಿತು. ಸವಣೂರರದು ಸೊನ್ನೆ. ಹಾಲು ಕುಡಿಯುವ ಕೂಸಿಗೂ ತಾಯಿಯ ಮೇಲೆ ಅದಕ್ಕಿಂತ ಹೆಚ್ಚು ಬರುತ್ತಿತ್ತೇನೋ.

"ನೋಡ್ರಿ ಮತ್ತ," ಎಂದರು ಪಟ್ಟಿ ಬಿಚ್ಚುತ್ತ. "ನೈತಿಕತಾ ಅಧಿಕಾರಿಗೋಳ್ದು ಎಪ್ಪತ್ತು. ನಮ್ಮಂಥಾ ಪಾಪಿಗೋಳ್ದು ಸೊನ್ನಿ."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ನೈತಿಕತಾ ಅಧಿಕಾರಿ, ಕಸ್ತೂರಿ ಅಂಗಡಿ, ನಾನೇ. ಹುದ್ದೆಯ ಹೆಸರು ಕೇಳಿದರೆ ಮಠದ ಕೆಲಸದಂತೆ ಕಾಣುತ್ತದೆ. ದಿನದ ಕೆಲಸವೆಂದರೆ ದೀಪಾವಳಿಗೆ ಬಂದ ಒಣಹಣ್ಣಿನ ಡಬ್ಬಿಗಳನ್ನು ಹಿಂದಕ್ಕೆ ಕಳಿಸುವುದು, ಪೂರೈಕೆದಾರರ ಖರ್ಚಿನಲ್ಲಿ ಗೋವಾಕ್ಕೆ ಹೊರಟವರನ್ನು ತಡೆಯುವುದು, ಎಲ್ಲರಿಂದ ಬೈಸಿಕೊಳ್ಳುವುದು. ಈ ಸಲ ವಿಷಯ ಒಣಹಣ್ಣಿನದಾಗಿರಲಿಲ್ಲ. ನಮ್ಮ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ವಿದ್ಯಾರ್ಥಿನಿಲಯಗಳ ಅಡುಗೆಮನೆಗೆ ಉಗಿ ಕೊಡುವ ಬಾಯ್ಲರ್‌ಗಳು ಸಿದ್ಧವಾಗಿದ್ದವು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದು ಉಗಿಯನ್ನು ಹೊರಗೆ ಬಿಡುವ ಸುರಕ್ಷಾ ವಾಲ್ವ್ ಪ್ರತಿಯೊಂದಕ್ಕೂ ಬೇಕು. ಅದು ತೆರೆಯದಿದ್ದರೆ ಬಾಯ್ಲರ್ ಒಡೆಯುತ್ತದೆ, ಪಕ್ಕದಲ್ಲಿ ಅನ್ನ ಬೇಯಿಸುತ್ತ ನಿಂತವರು ಉಳಿಯುವುದಿಲ್ಲ. ನಿಖರದಿಂದ ಬಂದ ವಾಲ್ವ್‌ಗಳನ್ನು ನನ್ನ ಕಣ್ಣೆದುರೇ ಪರೀಕ್ಷೆಗೆ ಹಾಕಿದಾಗ ಒತ್ತಡದ ಮುಳ್ಳು ಕೆಂಪು ಗೆರೆ ದಾಟಿದರೂ ಅರ್ಧಕ್ಕರ್ಧ ಬಾಯಿ ಬಿಡಲಿಲ್ಲ. ಒಳಗಿನ ಸ್ಪ್ರಿಂಗು ಕಳಪೆ. ಜೊತೆಗೆ ಬಂದ ಪ್ರಮಾಣಪತ್ರ ಮಾತ್ರ ಚೊಕ್ಕವಾಗಿತ್ತು. ಅದಕ್ಕೇ ತಡೆ ಹಾಕಿದ್ದೆ.

ಸವಣೂರ ಸುಮ್ಮನೆ ಕೂರುವವರಲ್ಲ. ಪರೀಕ್ಷೆಗೆ ಹಾಕಿದ್ದ ವಾಲ್ವ್‌ಗಳನ್ನು 'ಪರಿಶೀಲನೆಗೆ' ಎಂದು ಮುಧೋಳರಿಗೇ ವಾಪಸು ಕಳಿಸಿ, ಉಳಿದವನ್ನು ರಾತ್ರೋರಾತ್ರಿ ಬಾಯ್ಲರ್‌ಗಳಿಗೆ ಜೋಡಿಸಿ, ಟೆಂಡರಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಗೌರವ್ವನ ಕಾರ್ಖಾನೆಗೆ ಅನುಕೂಲ ಮಾಡಲು ನಾನು ತಡೆ ಹಾಕಿದ್ದೇನೆಂದು ದೂರು ಕೊಟ್ಟರು. ಹಂಗು ಅಳೆಯಿರಿ ಎಂದರು. ಅಳೆದರು.

ಅಳೆಯುವ ಆ ಯಂತ್ರವನ್ನು ಕಂಡುಹಿಡಿದವರು ನನ್ನ ಗಂಡ, ಡಾಕ್ಟರ್ ಶಿವಯೋಗಿ ಅಂಗಡಿ. ನನ್ನ ಹಣೆಬರಹ ನೋಡಿ.

ಯಂತ್ರ ಕೆಲಸ ಮಾಡುವ ರೀತಿ ತೀರ ಕಷ್ಟದ್ದಲ್ಲ. ಯಾರಿಗಾದರೂ ಏನನ್ನೋ ಹಿಂದಿರುಗಿಸುವುದಿದೆ ಎಂಬ ಭಾವನೆ ಇದ್ದರೆ, ಅವರ ಮುಖ ಕಂಡಾಗ ಅಥವಾ ಹೆಸರು ಕೇಳಿದಾಗ, ಹಣೆಯ ಹಿಂದಿನ ಮಿದುಳಿನ ಎರಡು ಕಡೆ ರಕ್ತದ ಹರಿವು ಒಂದೇ ಲಯಕ್ಕೆ ಬರುತ್ತದೆ. ಪಟ್ಟಿಯೊಳಗಿನ ಸಣ್ಣ ದೀಪಗಳು ಕಣ್ಣಿಗೆ ಕಾಣದ ಬೆಳಕನ್ನು ಒಳಗೆ ಬಿಟ್ಟು ಆ ಲಯವನ್ನು ಹಿಡಿಯುತ್ತವೆ. ಅದನ್ನು ಸೊನ್ನೆಯಿಂದ ನೂರರ ಅಂಕಿಯಾಗಿ ತೋರಿಸುತ್ತವೆ. ಲಂಚ ತೆಗೆದುಕೊಂಡವನು ಕೊಟ್ಟವನ ಹಂಗಿನಲ್ಲಿರುತ್ತಾನೆ, ಹಂಗು ಕಂಡರೆ ಲಂಚ ಕಂಡಂತೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಸರಕಾರಕ್ಕೂ ಪಸಂದಾಯಿತು, ಕಂಪನಿಗಳಿಗೂ ಪಸಂದಾಯಿತು. ಒಂದು ಪಟ್ಟಿ ಕಟ್ಟಿದರೆ ಮುಗಿಯಿತು, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಾಗಾದರೆ ಗೌರವ್ವ ನನಗೇನು ಕೊಟ್ಟಿದ್ದಳು? ಪೂರೈಕೆದಾರರ ಪರಿಶೀಲನೆಗೆಂದು ತಾರಿಹಾಳದ ಅವಳ ಕಾರ್ಖಾನೆಗೆ ಹೋಗಿದ್ದೆ. ಚಹಾ ಬೇಡವೆಂದೆ, ಊಟ ಬೇಡವೆಂದೆ, ನನ್ನದೇ ಬಾಟಲಿಯ ನೀರು ಕುಡಿದೆ. ಹೊರಡುವಾಗ ಹಿಂದಿನ ಮನೆಯಿಂದ ಮುದುಕಿ ಗೌರವ್ವ ತಾನೇ ಮೊರ ಹಿಡಿದುಕೊಂಡು ಬಂದಳು. ಕುಂಕುಮ ಹಚ್ಚಿ, ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಒಂದು ಖಣ ಹಾಕಿ ಉಡಿ ತುಂಬಿದಳು. "ಹೆಣ್ಣಮಗಳು ಬಂದು ಹಂಗ ಹೋಗಬಾರದವಾ," ಎಂದಳು. ಉಡಿ ತುಂಬುವಾಗ ಯಾವ ಹೆಂಗಸಾದರೂ ಬೇಡವೆನ್ನುತ್ತಾಳೆಯೇ? ಅದನ್ನು ಉಡುಗೊರೆ ಎನ್ನುತ್ತಾರೆಯೇ? ಉಡುಗೊರೆಗಳನ್ನು ಘೋಷಿಸುವ ನಿಯಮವನ್ನು ಕಂಪನಿಗೆ ಬರೆದುಕೊಟ್ಟವಳೇ ನಾನು, ಆದರೂ ಇದನ್ನು ಘೋಷಿಸಬೇಕೆಂದು ಹೊಳೆಯಲೇ ಇಲ್ಲ. ಅವ್ವ ಹೋದಮೇಲೆ ನನಗೆ ಯಾರೂ ಉಡಿ ತುಂಬಿರಲಿಲ್ಲ. ಕಾರಿನಲ್ಲಿ ಕೂತು ಅತ್ತಿದ್ದೆ. ಎಪ್ಪತ್ತೊಂದು ಬಂದದ್ದು ಸುಳ್ಳಲ್ಲ.

ಮರುದಿನ ಮಧ್ಯಾಹ್ನ ಎಂ.ಡಿ. ಮುಂದೆ ಕೊನೆಯ ವಿಚಾರಣೆ ಇತ್ತು. ಅದು ಮುಗಿದ ಕೂಡಲೇ ಲಾರಿಗಳು ಹೊರಡಬೇಕೆಂದು ಸವಣೂರ ಏರ್ಪಾಡು ಮಾಡಿದ್ದರು.

ಸಂಜೆ ಮನೆಗೆ ಬಂದಾಗ ಶಿವಯೋಗಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಯಂತ್ರ ತಪ್ಪು ಹೇಳಿಲ್ಲಲಾ, ಕಸ್ತೂರಿ. ನಿನಗ ಆಕಿ ಹಂಗು ಐತಿ."

"ಐತಿ. ನಾ ಇಲ್ಲ ಅಂದೆನೇನ್ರಿ? ಆದ್ರ ವಾಲ್ವ್ ಬಾಯಿ ಬಿಡಲಿಲ್ಲ ಅನ್ನೂದೂ ಖರೇನ ಐತಿ. ನನ್ನ ಹಂಗಿಗೂ ಆ ಸ್ಪ್ರಿಂಗಿಗೂ ಏನ ಸಂಬಂಧ?"

"ನಿಯಮ ಅಂದ್ರ ನಿಯಮ."

"ನಿಮ್ಮ ನಿಯಮದಾಗ ಸವಣೂರ ಶುದ್ಧ ಬಂಗಾರ ಆಗ್ಯಾರ. ಮುಧೋಳನ ಜೋಡಿ ಇಪ್ಪತ್ತು ವರ್ಷದ ವ್ಯವಹಾರ, ಒಂದ ತಾಟಿನ್ಯಾಗ ಉಣ್ತಾರ. ಅಂಥವ್ರದು ಸೊನ್ನಿ ಹೆಂಗ ಬರ್ತದ್ರಿ?"

"ಪ್ರಾಮಾಣಿಕ ಇದ್ರ ಬರ್ತೈತಿ," ಎಂದರು, ಆದರೆ ದನಿಯಲ್ಲಿ ಬಲವಿರಲಿಲ್ಲ.

ನಾನು ಹಟಕ್ಕೆ ಬಿದ್ದೆ. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮಾದರಿ ಯಂತ್ರವನ್ನು ತೆಗೆದು ಹಣೆಗೆ ಕಟ್ಟಿಕೊಂಡೆ. "ಹಾಲಿನ ಶಂಕ್ರವ್ವ ಅನ್ರಿ," ಎಂದೆ. ಅವರು ಅಂದರು. ನಲವತ್ತರ ಆಚೆ ಹೋಯಿತು. ನನಗೆ ಚಿಕುನ್‌ಗುನ್ಯಾ ಬಂದು ಮೈಕೈ ಹಿಡಿದುಕೊಂಡಿದ್ದಾಗ ಶಂಕ್ರವ್ವ ತಾನೇ ಗಂಜಿ ಕಾಸಿ ಕುಡಿಸಿದವಳು. "ಈಗ ಕಾಯಿಪಲ್ಲೆ ದಾದಾಪೀರ ಅನ್ರಿ."

"ದಾದಾಪೀರ."

ಸೊನ್ನೆ ಬಂತು. ದಾದಾಪೀರನ ಮುಖವನ್ನು ನಾನು ದಿನಾ ನೋಡುತ್ತೇನೆ, ದಿನಾ ಜಗಳ ಆಡುತ್ತೇನೆ. ಆದರೂ ಸೊನ್ನೆ.

"ಬರಬೇಕಾದ್ದ," ಎಂದರು ಗಂಡ, ಮತ್ತೆ ಚಾಕು ಹಿಡಿಯುತ್ತ. "ನೀ ರೊಕ್ಕಾ ಕೊಟ್ಟಿ, ಆಂವಾ ಬದನಿಕಾಯಿ ಕೊಟ್ಟಾ. ಇಬ್ಬರದೂ ಚುಕ್ತಾ. ಇನ್ನ ಹಂಗು ಎಲ್ಲಿಂದ..."

ಉಳ್ಳಾಗಡ್ಡಿಯ ಮೇಲೆ ಇಟ್ಟ ಚಾಕು ಹಾಗೇ ನಿಂತಿತು. ಅವರ ತಲೆಯಲ್ಲಿ ಓಡುತ್ತಿದ್ದದ್ದು ನನ್ನ ತಲೆಯಲ್ಲೂ ಓಡುತ್ತಿತ್ತು.

"ಲಂಚ ತಗೊಂಡು ಕೆಲಸ ಮಾಡಿಕೊಟ್ಟವಂದೂ ಚುಕ್ತಾನ ಅಲ್ಲೇನ್ರಿ?" ಎಂದೆ.

ಅವರು ಚಾಕು ಕೆಳಗಿಟ್ಟರು. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಬೆಳಿಗ್ಗೆ ಇಬ್ಬರೂ ಧಾರವಾಡದ ಅವರ ಪ್ರಯೋಗಾಲಯಕ್ಕೆ ಹೋದೆವು. ಮೊದಲ ಪ್ರಯೋಗಗಳ ಅಂಕಿಅಂಶ ನೋಡಿಕೊಂಡಿದ್ದ ಝೀನತ್ ನದಾಫ್ ಅಲ್ಲಿದ್ದಳು. ಶಿವಯೋಗಿ ನೇರವಾಗಿ ಕೇಳಿದರು: "ಝೀನತ್, ಹಣ ತಗೊಂಡು ಬದಲಿಗೆ ಕೆಲಸಾನೂ ಮಾಡಿಕೊಟ್ಟವ್ರನ್ನ ನಾವು ಅಳದೇವೇನು?"

"ಇಲ್ಲ ಸರ್. ನೆನಪಿಲ್ಲೇನ್ರಿ? ಸ್ವಯಂಸೇವಕರಿಗೆ ಹಣದ ಪಾಕೀಟು ಕೊಟ್ಟು ಅಳದ್ವಿ. ಹಣಕ್ಕ ಬದಲಾಗಿ ಪರೀಕ್ಷಾ ಪೇಪರಿನ್ಯಾಗ ತಪ್ಪು ಉತ್ತರಕ್ಕ ಮಾರ್ಕ್ಸ್ ಹಾಕಸೂದು ಎರಡನೇ ಭಾಗದಾಗ ಇತ್ತು. ಜನರ ಕಡಿಂದ ಅನೈತಿಕ ಕೆಲಸ ಮಾಡಸಬಾರದು ಅಂತ ಸಂಸ್ಥೆಯ ನೈತಿಕ ಸಮಿತಿ ಬ್ಯಾಡ ಅಂತು. ಅದನ್ನ ಬಿಟ್ಟಬಿಟ್ವಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ರಾಜ್ಯದ ಲಂಚಕೋರರನ್ನು ಹಿಡಿಯಲು ಹೊರಟ ಸಂಭಾವಿತರು, ಲಂಚದ ಅರ್ಧವನ್ನಷ್ಟೇ ಅಳೆದು, ಉಳಿದರ್ಧ ಅಸಹ್ಯವೆಂದು ಮುಖ ತಿರುಗಿಸಿದ್ದರು!

"ಈಗ ಮಾಡಿ ನೋಡೂಣು ಅಂದ್ರ ಹೊತ್ತಿಲ್ಲ," ಎಂದು ಶಿವಯೋಗಿ ತಲೆ ಹಿಡಿದುಕೊಂಡರು.

ಝೀನತ್ ಬಾಗಿಲು ಮುಚ್ಚಿ ಬಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಪಟ್ಟಿಯನ್ನು ತಾನೇ ಕಟ್ಟಿಕೊಂಡಳು. ಅವಳ ಕಿವಿ ಕೆಂಪಾಗಿದ್ದವು. "ಸರ್, 'ಮೆಹಬೂಬ ಮಾಮಾ' ಅನ್ರಿ. ನಮ್ಮ ಓಣಿಯವ್ರು. ನನ್ನ ಮಗಳಿಗೆ ಸಾಲಿ ಸೀಟು ಕೊಡಿಸಿದವ್ರು. ಸೀಟಿಗೆ ಬೇರೆಯವ್ರ ಹೆಸರು ಮುಂದಿತ್ತು."

ಅವರು ಹೆಸರು ಹೇಳಿದರು. ಅಂಕಿ ಒಂದಿಷ್ಟೂ ಅಲುಗದೆ ಸೊನ್ನೆಯಲ್ಲೇ ಕೂತಿತು.

"ಅವ್ರ ತಮ್ಮನ್ನ ನಾನು ಇಲ್ಲೆ ಎಲೆಕ್ಟ್ರಿಷಿಯನ್ ಮಾಡಿ ಸೇರಿಸೀನಿ ಸರ್," ಎಂದಳು, ಎಲ್ಲೋ ನೋಡುತ್ತ. "ಸಂದರ್ಶನದಾಗ ನಾನ ಇದ್ದೆ."

ಶಿವಯೋಗಿ ಅವಳನ್ನು ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು. ಮುಂದಿನ ವಾರ ದಿಲ್ಲಿಯಲ್ಲಿ ಒಪ್ಪಂದಕ್ಕೆ ಸಹಿ ಆಗಬೇಕಿತ್ತು. ಆ ಒಪ್ಪಂದವಾದರೆ ಹಂಗುಮಾಪಕ ದೇಶದ ಎಲ್ಲ ಕಂಪನಿಗಳಿಗೂ ಕಡ್ಡಾಯ. ಆಗದಿದ್ದರೆ ಪ್ರಯೋಗಾಲಯಕ್ಕೆ ಬೀಗ.

"ನೀವು ಬಂದು ಹೇಳ್ರಿ," ಎಂದೆ. "ಈ ಯಂತ್ರದ ಮಾತು ನಂಬಬ್ಯಾಡ್ರಿ ಅಂತ ಮಾಡಿದವ್ರ ಹೇಳಿದ್ರ ಅಷ್ಟ ನನ್ನ ತಡೆ ಉಳಿತೈತಿ."

"ಹನ್ನೆರಡು ವರ್ಷ, ಕಸ್ತೂರಿ. ಇಲ್ಲಿರೋರ ಎಲ್ಲಾರ ಮನಿ ಇದರ ಮ್ಯಾಲ ನಡೀತಾವ. ಒಂದು ತಿಂಗಳು ಕೊಡು, ಸುಧಾರಿಸತೀನಿ."

"ಲಾರಿ ಒಂದು ತಿಂಗಳು ನಿಲ್ಲಂಗಿಲ್ರಿ. ಇವತ್ತ ಹೋಗ್ತಾವು. ನಾಳೆ ನಾಡದು ಯಾವದೋ ಹಾಸ್ಟೆಲಿನ್ಯಾಗ ಉರಿ ಹಚ್ಚತಾರ."

ನಾನು ಒಬ್ಬಳೇ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೊರಟೆ. ಗಂಡನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಅಷ್ಟೇ ಕನಿಕರವೂ ಬಂದಿತ್ತು, ಅದು ಬೇರೆ ಸಂಕಟ.

ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು. ಗಾಜಿನ ಗೋಡೆಯಾಚೆ ಅಂಗಳ. ಕ್ರೇನು ಕೊನೆಯ ಬಾಯ್ಲರನ್ನು ಎತ್ತಿ ಲಾರಿಯ ಮೇಲೆ ಇಳಿಸುತ್ತಿತ್ತು. ಮೇಜಿನ ತಲೆಗೆ ಎಂ.ಡಿ. ವತ್ಸಲಾ ದೇಸಾಯಿ, ಬಲಗಡೆ ಕಂಪನಿ ವಕೀಲರು, ಎಡಗಡೆ ಸವಣೂರ. ವತ್ಸಲಾಬಾಯಿ ಗಂಡ ಕಟ್ಟಿದ ಕಂಪನಿಯನ್ನು ಮೂವತ್ತು ವರ್ಷ ನಡೆಸಿದವರು. ಅವರ ಮುಖ ನೋಡಿ ಒಳಗಿನದನ್ನು ಊಹಿಸಲು ಯಾರಿಂದಲೂ ಆಗಿಲ್ಲ.

"ಕಸ್ತೂರಿ, ನಿನ್ನ ಮಾತಿನ ಮ್ಯಾಲ ನನಗ ವಿಶ್ವಾಸ ಅದ," ಎಂದರು. "ಆದ್ರ ಕಾಯ್ದೆ ಮೀರಿ ನಾ ಏನೂ ಮಾಡಲಿಕ್ಕೆ ಬರೂದಿಲ್ಲ. ಆದೇಶ ರದ್ದಾದ್ರ ಅದಕ್ಕ ಆಧಾರ ಆಗಿದ್ದ ನಿನ್ನ ಪರೀಕ್ಷಾನೂ ರದ್ದು ಅಂತಾರ ವಕೀಲ್ರು."

"ಹೌದ್ರಿ ಮೇಡಮ್," ಎಂದರು ವಕೀಲರು.

"ಹೊಸಾ ಪರೀಕ್ಷಾ ಮಾಡಸ್ರಿ ಮೇಡಮ್. ಬಾಯ್ಲರಿಗೆ ಹಚ್ಚಿದ್ದರಾಗ ಒಂದ ಬಿಚ್ಚಿ ನೋಡ್ರಿ."

"ಯಾವ ಕಾರಣಕ್ಕ?" ಸವಣೂರ ಮೆತ್ತಗೆ ಕೇಳಿದರು. "ಪ್ರಮಾಣಪತ್ರ ಐತಿ. ತಡಾ ಆದ್ರ ಸರಕಾರ ದಂಡಾ ಹಾಕತೈತಿ. ಮುಂದಿನ ಟೆಂಡರ್ ಹೋಕ್ಕೈತಿ. ಒಬ್ಬರು ಉಡಿ ತುಂಬಿಸಿಕೊಂಡು ಬಂದ್ರು ಅಂತ ಕಂಪನಿ ಮುಳಗಸೂದೇನ್ರಿ?"

ಉಡಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ! ವತ್ಸಲಾಬಾಯಿ ಕನ್ನಡಕ ತೆಗೆದು ಒರೆಸಿದರು. ಲಾರಿ ಬಿಡಲು ಹೇಳುತ್ತಾರೆಂದು ನನಗೆ ಖಾತ್ರಿಯಾಯಿತು.

ಆಗ ಬಾಗಿಲು ತೆರೆದು ಶಿವಯೋಗಿ ಒಳಗೆ ಬಂದರು. ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದರು. ಯಾರೂ ಕೂರಿ ಎನ್ನುವ ಮೊದಲೇ ಮಾತಾಡಿದರು.

"ಮೇಡಮ್, ಹಂಗುಮಾಪಕಕ್ಕ ನಾ ಕೊಟ್ಟಿದ್ದ ಪ್ರಮಾಣಪತ್ರಾನ ಈಗ ಹಿಂದಕ್ಕ ತಗೊಂಡೀನಿ. ಇಲಾಖೆಗೂ ದಿಲ್ಲಿಗೂ ಕಳಿಸಿ ಬಂದೀನಿ. ತಗೊಂಡದ್ದನ್ನ ತೀರಿಸದ ಇದ್ದವ್ರನ್ನ ಅಷ್ಟ ಅದು ತೋರಸ್ತೈತಿ. ತಗೊಂಡು ಕೆಲಸಾ ಮಾಡಿಕೊಟ್ಟು ಚುಕ್ತಾ ಮಾಡಿದವಗೂ, ಏನೂ ಮುಟ್ಟದವಗೂ ಇಬ್ಬರಿಗೂ ಸೊನ್ನಿನ ಬರ್ತೈತಿ. ತಪ್ಪು ನಂದು."

ಇಷ್ಟು ಹೇಳಿ ಗೋಡೆಗೆ ಒರಗಿ ನಿಂತರು. ಹನ್ನೆರಡು ವರ್ಷ ಒಂದು ನಿಮಿಷದಲ್ಲಿ ಹೋಯಿತು. ಎದ್ದು ಹೋಗಿ ಅವರ ಕೈ ಹಿಡಿಯಬೇಕೆನಿಸಿತು, ಆದರೆ ಅದಕ್ಕೆ ಹೊತ್ತಿರಲಿಲ್ಲ. ಸವಣೂರ ಆಗಲೇ ಸಾವರಿಸಿಕೊಂಡಿದ್ದರು.

"ಛಲೋ ಆತು. ಅಂದ್ರ ನನ್ನ ಸೊನ್ನಿನೂ ಇಲ್ಲ, ಇವರ ಎಪ್ಪತ್ತೂ ಇಲ್ಲ. ಪರೀಕ್ಷಾ ಮಾಡಿದ ವಾಲ್ವೂ ಇಲ್ಲಿಲ್ಲ, ಇಬ್ಬರ ಮಾತೂ ಸರಿಸಮ. ಗಂಡ ಹೆಂಡ್ತಿ ಕೂಡಿ ಮಾಡಿದ ನಾಟಕ ಅಂತ ನಾ ಅನ್ನೂದಿಲ್ಲ," ಎಂದು ಅಂದೇಬಿಟ್ಟರು. "ಬರಿ ಅನುಮಾನದ ಮ್ಯಾಲ ಲಾರಿ ನಿಲ್ಲಸೂದು ಬಿಡೂದು ನಿಮಗ ಬಿಟ್ಟದ್ದು, ಮೇಡಮ್."

ಎಂ.ಡಿ. ಗಾಜಿನಾಚೆ ನೋಡಿದರು. ಕ್ರೇನಿನ ಕೊಕ್ಕೆ ಖಾಲಿಯಾಗಿ ಮೇಲೇರುತ್ತಿತ್ತು. ಡ್ರೈವರುಗಳು ಹಗ್ಗ ಬಿಗಿಯುತ್ತಿದ್ದರು. ವತ್ಸಲಾಬಾಯಿಯ ಬೆರಳು ಫೋನಿನ ಮೇಲಿತ್ತು. ಯಾವ ಕಡೆ ತೂಗುತ್ತಿದ್ದಾರೆಂದು ತಿಳಿಯಲಿಲ್ಲ.

ನನ್ನ ಹತ್ತಿರ ಪುರಾವೆ ಇರಲಿಲ್ಲ. ಸಿಟ್ಟು ಮಾತ್ರ ಇತ್ತು. ಆ ಸಿಟ್ಟಿನಲ್ಲೇ ಕೇಳಿಬಿಟ್ಟೆ.

"ಸವಣೂರ ಸಾಹೇಬ್ರ, ನಿಮ್ಮ ಮನಿಯವ್ರ ಆಪರೇಷನ್ ಆದಾಗ ರಕ್ತ ಕೊಟ್ಟವ್ರು ಯಾರ್ರಿ?"

ಅದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಅವರ ಹೆಂಡತಿಯ ಗುಂಪಿನ ರಕ್ತ ಊರಲ್ಲೆಲ್ಲೂ ಸಿಗದಿದ್ದಾಗ ಮುಧೋಳರು ಪುಣೆಯಿಂದ ಕಾರು ಓಡಿಸಿಕೊಂಡು ಬಂದು, ಮುಖಕ್ಕೆ ನೀರೂ ಹಾಕಿಕೊಳ್ಳದೆ ಮಂಚದ ಮೇಲೆ ಮಲಗಿ ಕೈ ಚಾಚಿದ್ದರು. ಸವಣೂರರೇ ಇದನ್ನು ಎಷ್ಟೋ ಸಲ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ್ದರು.

"ಮುಧೋಳ ಕೊಟ್ಟಾರ. ಅದಕ್ಕೇನೀಗ?"

"ಹೆಂಡ್ತಿ ಜೀವಾ ಉಳಿಸಿದವ್ರು. ನಿನ್ನೆ ಅವರ ಮುಖಾ ನೋಡಿದಾಗ ನಿಮ್ಮ ಮನಸಿನ್ಯಾಗ ಒಂದು ಅಂಕಿನೂ ಏರಲಿಲ್ಲ. ಯಂತ್ರ ಬಿಡ್ರಿ, ಅದು ಹಾಳಾಗಿ ಹೋಗ್ಲಿ. ನಿಮ್ಮನ್ನ ಕೇಳ್ತೀನಿ. ರಕ್ತ ಕೊಟ್ಟವನ ಹಂಗೂ ಇಲ್ಲ ಅಂದ್ರ ನೀವೆಂಥಾ ಉಪಕಾರಗೇಡಿ ಇರಬೇಕ್ರಿ!"

ಸವಣೂರರ ಮುಖ ಕಪ್ಪಿಟ್ಟಿತು. ಮೇಜಿನ ಮೇಲೆ ಕೈ ಅಪ್ಪಳಿಸಿ ಎದ್ದು ನಿಂತರು.

"ಯಾರಿಗೆ ಉಪಕಾರಗೇಡಿ ಅಂತೀರಿ? ಮುಧೋಳನ್ನ ಕೇಳ್ರಿ ಹೋಗ್ರಿ! ಅಂವಾ ಮಾಡಿದ್ದಕ್ಕ ಹತ್ತು ಪಟ್ಟು ತೀರಿಸೇನಿ ನಾ! ಒಂದು ಪೈಸಾದ ಹಂಗು ಉಳಿಸಿಕೊಂಡಿಲ್ಲ!"

ವಕೀಲರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.

"ಏನು ಕೊಟ್ಟು ತೀರಿಸಿದ್ರಿ, ದಿವಾಕರ?" ವತ್ಸಲಾಬಾಯಿ ಕೇಳಿದರು. ದನಿ ಏರಿಸಲಿಲ್ಲ.

ತಾನು ಹೇಳಿದ್ದೇನೆಂದು ಸವಣೂರರಿಗೆ ಆಗ ಅರ್ಥವಾಯಿತು. ಕಣ್ಣು ತಾನಾಗಿ ಗಾಜಿನಾಚೆ, ಲಾರಿಗಳ ಕಡೆ ಹೋಯಿತು. ನಾವೆಲ್ಲರೂ ಅತ್ತ ನೋಡಿದೆವು.

ವತ್ಸಲಾಬಾಯಿ ಫೋನು ಎತ್ತಿದರು. "ಬಾಯ್ಲರ್ ಎಲ್ಲಾ ಕೆಳಗ ಇಳಸ್ರಿ. ಹೌದು, ಎಲ್ಲಾನೂ. ವಾಲ್ವ್ ಬಿಚ್ಚಿ ನನ್ನ ಮುಂದ ಪರೀಕ್ಷಾಕ್ಕ ಹಾಕ್ರಿ. ಗೇಟಿಗೆ ಬೀಗಾ ಹಾಕ್ರಿ."

ಕ್ರೇನು ಮತ್ತೆ ಕೆಳಗಿಳಿಯತೊಡಗಿತು. ಶಿವಯೋಗಿ ಬಂದು ನನ್ನ ಪಕ್ಕದಲ್ಲಿ ಕೂತರು. ಈಗ ಅವರ ಕೈ ಹಿಡಿದುಕೊಂಡೆ.

ಸವಣೂರ ಮಾತ್ರ ನಿಂತೇ ಇದ್ದರು. ವಕೀಲರು ಅವರ ಕೈಯಿಂದ ಆಫೀಸಿನ ಗುರುತಿನ ಚೀಟಿ ತೆಗೆದುಕೊಂಡಾಗಲೂ ತಡೆಯಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ, ಎಂ.ಡಿ.ಯವರಿಗೆ ಕೈ ಮುಗಿದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಮೇಡಮ್, ನೀವು ಏನರ ಮಾಡ್ರಿ. ಆದ್ರ ನಾ ಉಪಕಾರಗೇಡಿ ಅಲ್ರಿ."

ಕಳ್ಳನಲ್ಲ ಎಂದು ಅವರು ಕೊನೆಯವರೆಗೂ ಹೇಳಲಿಲ್ಲ.